ವಳಿವಡೆಯ ಹುಡುಗಿ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕಡೆ ಮನೆಯಲ್ಲೊಂದು ಮದುವೆ ನಿಶ್ಚಯವಾಯಿತೆಂದರೆ, "ಜವಳಿಗೆ ಗಾಂಧಿನಗರಕ್ಕೆ ಎಂದು ಹೊರಡೋಣ?" ಎಂಬ ಮಾತು ಬಂದೇ ಬರುತ್ತದೆ. ಈ ಗಾಂಧಿನಗರ ಬೆಂಗಳೂರಿನದಲ್ಲ. ಕೊಲ್ಹಾಪುರದ ಮಗ್ಗುಲಲ್ಲಿರುವ ದೊಡ್ಡ ಜವಳಿ ಪೇಟೆ. ತಂಗಿಯ ಮದುವೆಗೆಂದು ಕಳೆದ ತಿಂಗಳು ನಾವೂ ಹೊರಟೆವು. ತೊಂಬತ್ತು ದಾಟಿದ ನಮ್ಮ ಆಯಿ (ನಮ್ಮ ಸೀಮೆಯಲ್ಲಿ ಅಜ್ಜಿಗೆ ಹಾಗೆನ್ನುವುದು ವಾಡಿಕೆ) ತಾನೂ ಬರುವೆನೆಂದು ಹಟ ಹಿಡಿದು, ಎಲ್ಲರಿಗಿಂತ ಮೊದಲೇ ಕಾರಿನಲ್ಲಿ ಕುಳಿತಿದ್ದಳು.

ಅಕ್ಕನ ಹತ್ತು ವರ್ಷದ ಮಗ ಮೊಬೈಲಿನಲ್ಲಿ ಮುಳುಗಿದ್ದ. ಯಾವುದೋ ದೇಶದ ಕುಸಿದ ಮಹಡಿಗಳು, ಹೊಗೆ, ಗಂಟು ಹೊತ್ತು ಓಡುವ ಹೆಂಗಸರು. ಬೆರಳು ಸರಿಯಿತು, ಯುದ್ಧ ಹೋಗಿ ಕ್ರಿಕೆಟ್ಟು ಬಂದಿತು. ನಡುವೆ ಏನು ಹೊಳೆಯಿತೋ, "ಆಯೀ, ನೀ ಸಣ್ಣಾಕಿ ಇದ್ದಾಗ ದೊಡ್ಡ ಯುದ್ಧ ಆಗಿತ್ತಂತಲ್ಲ, ನಿಮ್ಮೂರಾಗ ಬಾಂಬ್ ಬಿದ್ದಿತ್ತೇನು?" ಎಂದ.

"ಎಲ್ಲೀ ಬಾಂಬೋ ತಮ್ಮಾ? ಚಿಮಣಿ ಎಣ್ಣೀನ ಸಿಗತಿದ್ದಿಲ್ಲ."

ಆಯಿಯ ತವರು ರಾಯಬಾಗ. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾದಾಗ ಬರ್ಮೆಯ ಅಕ್ಕಿಯೊಡನೆ ಅಲ್ಲಿಯ ಎಣ್ಣೆಯೂ ನಿಂತುಹೋಯಿತು. ಅಕ್ಕಿ ನಿಂತರೆ ಜೋಳದ ರೊಟ್ಟಿಯವರಿಗೆ ಅಷ್ಟೇನೂ ಬಾಧೆಯಿಲ್ಲ. ಎಣ್ಣೆ ನಿಂತದ್ದು ಮಾತ್ರ ಮನೆಮನೆಗೂ ತಿಳಿಯಿತು. ಹೊತ್ತು ಮುಳುಗುವ ಮುನ್ನ ಊಟ, ಕತ್ತಲಾಗುತ್ತಲೇ ಹಾಸಿಗೆ. 1943ರಲ್ಲಿ ಅರಿವೆಯ ಮೇಲೂ ಸರಕಾರದ ನಿಯಂತ್ರಣ ಬಂದಿತು. ತಾಯಿಯ ಹಳೆಯ ಸೀರೆಯನ್ನು ಕತ್ತರಿಸಿ ಹೊಲಿದ ಪರಕಾರವನ್ನೇ ಆಯಿ ಎರಡು ವರ್ಷ ಉಟ್ಟಳಂತೆ. ತಾಮ್ರವನ್ನು ಉಳಿಸುವುದಕ್ಕಾಗಿ ನಡುವೆ ತೂತಿರುವ ಪೈಸೆ ಹೊರಟದ್ದೂ ಅದೇ ವರ್ಷ.

ಇಂಥ ಮಾತುಗಳನ್ನು ಎಲ್ಲ ಮನೆಯ ಅಜ್ಜಿಯರೂ ಹೇಳುತ್ತಾರೆ. ನಾವೆಲ್ಲ ಆಕಳಿಕೆಯನ್ನು ನುಂಗಿಕೊಂಡು ಕೇಳುತ್ತೇವೆ. ನಾನೂ ಹಾಗೆಯೇ ಕೇಳುತ್ತಿದ್ದೆನೆಂದು ಒಪ್ಪಿಕೊಳ್ಳಬೇಕು. ಆದರೆ ಗಾಂಧಿನಗರದ ಅಂಗಡಿಗಳ ಸಾಲು ಹತ್ತಿರವಾದಂತೆ ಆಯಿ ಕಿಟಕಿಗೆ ಮುಖವಿಟ್ಟು, "ಇಲ್ಲೇ ಇದ್ದರಪಾ ಆ ಬಿಳೀ ಹುಡುಗೂರು," ಎಂದಳು.

ನನಗೆ ಆಗ ನೆನಪಾಯಿತು. ಇದು ವಳಿವಡೆ. ಸೋವಿಯತ್ ಆಡಳಿತವು 1940-41ರಲ್ಲಿ ಸೈಬೀರಿಯದ ಕಡೆಗೆ ಅಟ್ಟಿದ ಪೋಲೆಂಡಿನ ಕುಟುಂಬಗಳಲ್ಲಿ ಸುಮಾರು 5000 ಜನ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಇರಾನಿನ ಹಾದಿಯಾಗಿ ಬಂದು ಕೊಲ್ಹಾಪುರ ಸಂಸ್ಥಾನದ ಈ ನೆಲದಲ್ಲಿ 1943ರಿಂದ 1948ರವರೆಗೆ ಆಶ್ರಯ ಪಡೆದಿದ್ದರು. ಸಾಲು ಸಾಲು ಬ್ಯಾರಕ್ಕುಗಳು, ಅವರದೇ ಶಾಲೆ, ಅವರದೇ ಚರ್ಚು. ಅವರು ಹೋದ ಮೇಲೆ ಅದೇ ಬ್ಯಾರಕ್ಕುಗಳಿಗೆ ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳು ಬಂದರು. ಊರು ಗಾಂಧಿನಗರವಾಯಿತು, ವ್ಯಾಪಾರ ಬೆಳೆಯಿತು. ನಮ್ಮ ಮದುವೆಯ ಸೀರೆಗಳ ಹಿಂದೆ ಎರಡು ನಿರಾಶ್ರಿತ ಜನಾಂಗಗಳ ಕಥೆಯಿದೆ.

ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಜಮೀನಿನ ಕೆಲಸಕ್ಕೆ ಹೊರಟ ತಂದೆ, ಅಂಬಾಬಾಯಿಯ ದರ್ಶನವಾಗಲೆಂದು ಹತ್ತು ವರ್ಷದ ಮಗಳನ್ನೂ ಕರೆದೊಯ್ದಿದ್ದ. ಮಿರಜದಲ್ಲಿ ಗಾಡಿ ಬದಲಿಸಿ ಬರುವಾಗ ವಳಿವಡೆಯ ನಿಲ್ದಾಣದಲ್ಲಿ ತನ್ನದೇ ವಯಸ್ಸಿನ ಹುಡುಗಿಯೊಬ್ಬಳು ಶೇಂಗಾ ಕೊಳ್ಳುತ್ತಿರುವುದನ್ನು ಆಯಿ ಕಂಡಳು. ಜೋಳದ ತೆನೆಯ ರೇಷ್ಮೆಯಂಥ ಕೂದಲು. ಮರಳಿ ಬಂದ ತೂತಿನ ಪೈಸೆಯನ್ನು ಅವಳು ಕಿರುಬೆರಳಿಗೆ ಉಂಗುರದಂತೆ ಏರಿಸಿ, ಕಿಟಕಿಯಲ್ಲಿದ್ದ ಆಯಿಗೆ ತೋರಿಸಿ ನಕ್ಕಳಂತೆ.

"ಸಾಹೇಬರ ಮಗಳೇನಪಾ ಆಕಿ?" ಎಂದು ಕೇಳಿದರೆ ತಂದೆ, "ಅಲ್ಲ, ಆಕೀಗೆ ಮನೀನ ಇಲ್ಲ," ಎಂದನಂತೆ.

ಬಿಳಿಯರೆಂದರೆ ಆಳುವವರು ಎಂದಷ್ಟೇ ತಿಳಿದಿದ್ದ ಹುಡುಗಿಗೆ ಆ ಮಾತು ಅರ್ಥವಾಗಲಿಲ್ಲ. ಬಿಳಿಯರಿಗೂ ಮನೆ ಇಲ್ಲದೆ ಇರುವುದುಂಟೆ? ಆ ರಾತ್ರಿ ಕೊಲ್ಹಾಪುರದ ಬಿಡಾರದಲ್ಲಿ ತನಗೆ ನಿದ್ದೆ ಬರಲಿಲ್ಲವೆಂದು ಆಯಿ ಹೇಳಿದಳು. ಎಂಬತ್ತು ವರ್ಷಗಳ ಮೇಲೂ ಮೊದಲು ಕೇಳಿದ್ದು ಒಂದೇ: "ಅವು ತಮ್ಮ ಊರು ಮುಟ್ಟಿದುವೇನೋ?"

ನಾನು ಹೌದೆನ್ನಲಾರದೆ ಹೋದೆ. ಅನೇಕರ ಊರುಗಳು ಯುದ್ಧದ ನಂತರ ಸೋವಿಯತ್ ಗಡಿಯೊಳಗೆ ಸೇರಿಹೋಗಿದ್ದವು. ಎಷ್ಟೋ ಜನ ಇಂಗ್ಲೆಂಡು ಮೊದಲಾದ ಪರದೇಶಗಳಲ್ಲಿ ನೆಲೆಸಿದರು. ಬದಲಿಗೆ ಬೇರೊಂದು ಸಂಗತಿಯನ್ನು ಹೇಳಿದೆ. 2022ರಲ್ಲಿ ಉಕ್ರೇನಿನಿಂದ ಓಡಿಬಂದ ಲಕ್ಷಾಂತರ ತಾಯಂದಿರನ್ನೂ ಮಕ್ಕಳನ್ನೂ ಇದೇ ಪೋಲೆಂಡು ಒಳಗೆ ಬಿಟ್ಟುಕೊಂಡಿತು. ಅಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ದೇಶದ ಹುಡುಗರೂ ಎಷ್ಟೋ ಮಂದಿ ಆ ಗಡಿಯನ್ನು ದಾಟಿಯೇ ಮನೆ ಸೇರಿದರು. "ಅವರಿಗೆ ಉಣ್ಣಾಕ ಕೊಟ್ಟರಂತೇನು?" ಎಂದಳು ಆಯಿ. ಕೊಟ್ಟರೆಂದೆ.

ಹುಡುಗನ ಮೊಬೈಲು ಯಾವಾಗಲೋ ಕತ್ತಲಾಗಿತ್ತು. "ಆಯೀ, ಆ ಹುಡುಗಿ ಹೆಸರೇನು?" ಎಂದ.

"ಕೇಳಲಿಲ್ಲಪಾ. ಯಾವ ಮಾತಿನ್ಯಾಗ ಕೇಳಬೇಕಾಗಿತ್ತು? ಅಷ್ಟರಾಗ ಗಾಡಿ ಬಿಟ್ಟಿತು."