ಮುಪ್ಪಿನಲ್ಲಿ ಬಂದ ಸಕ್ಕರೆ ಮತ್ತು ಸೂರ್ಯಾಸ್ತದ ಊಟ



ನಾರಾಯಣಪೇಟೆ, ಮಕ್ತಲ, ಗದ್ವಾಲ ಕಡೆಯ ನಮ್ಮ ವ್ಯಾಪಾರಸ್ಥರ ಮನೆಗಳಿಗೆ ಸಕ್ಕರೆ ಕಾಯಿಲೆ ಹೊಸ ಗಿರಾಕಿಯೇನಲ್ಲ. ಮುಂಜಾನೆಯಿಂದ ರಾತ್ರಿಯವರೆಗೆ ಗಾದಿ ಬಿಟ್ಟು ಏಳದ ನಮಗೆ ಅದು ಐವತ್ತರ ಹೊತ್ತಿಗೇ ಅಂಟಿಕೊಳ್ಳುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಹೇಳಿತು. ಆದರೆ ಜೀವನವಿಡೀ ಆರೋಗ್ಯವಾಗಿದ್ದ ತಂದೆಗೋ ತಾಯಿಗೋ ಎಂಬತ್ತು ದಾಟಿದ ಮೇಲೆ ಇದು ಹೊರಬಿದ್ದರೆ ಮನೆ ಮಂದಿಗೆ ದಿಕ್ಕು ತೋಚುವುದಿಲ್ಲ. ಈ ತಿಂಗಳು ಅದನ್ನೇ ಬರೆಯುತ್ತೇನೆ.

ನಮ್ಮ ತಾಯಿಯವರಿಗೆ ಈಗ 84. ಕಣ್ಣಿನ ಪೊರೆ ತೆಗೆಸಲು ಕರೆದುಕೊಂಡು ಹೋದಾಗ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ತಿಳಿಯಿತು. ಎಷ್ಟೋ ಮನೆಗಳಲ್ಲಿ ಇದು ತಿಳಿಯುವುದು ಹೀಗೆಯೇ. ಅವರು ಕಾಯಿಲೆಗೆ ಹೆದರಲಿಲ್ಲ. ‘ಆ ಸೂಜಿಯ ಔಷಧಿ ಪ್ರಾಣಿಯದಲ್ಲವೇ?’ ಎಂದು ಮಾತ್ರ ಕೇಳಿದರು.

ಈ ಪ್ರಶ್ನೆ ಹುಸಿಯಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದ ನಂತರ ಬಹಳ ವರ್ಷ ಅದನ್ನು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಅದನ್ನು ಕೇಳಿಯೇ ಬೇಡವೆಂದ ಹಿರಿಯರು ನಮ್ಮಲ್ಲಿದ್ದರು. 1982ರಲ್ಲಿ ಅಮೆರಿಕದಲ್ಲಿ, ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅನುಮತಿ ಸಿಕ್ಕಿತು. ಆಮೇಲೆ ಯೀಸ್ಟಿನಿಂದಲೂ ಮಾಡತೊಡಗಿದರು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಯೀಸ್ಟ್ ಕೂಡ ಜೀವವೇ ಎನ್ನುವವರು ಆ ಮಾತನ್ನು ಗುರುಗಳ ಮುಂದೆ ಇಡಬೇಕು. ದನ-ಹಂದಿಯ ಹೆಸರು ಹೇಳಿ ಮುದುಕರು ಸೂಜಿ ಬಿಡುವ ಕಾಲ ಮಾತ್ರ ಹೋಗಿದೆ. ನಿಜವಾಗಿ ವಿಚಾರಿಸಬೇಕಾದದ್ದು ಕ್ಯಾಪ್ಸೂಲನ್ನು. ಸಕ್ಕರೆ ಮಾತ್ರೆಯ ಜೊತೆಗೆ ನರಕ್ಕೆಂದು ಬರೆದುಕೊಡುವ ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಜಿಲಾಟಿನ್, ಅಂದರೆ ಪ್ರಾಣಿಯ ಚರ್ಮ-ಎಲುಬಿನದು. ಅದರ ಬದಲು ಮಾತ್ರೆ ಕೊಡಿ ಎಂದು ಕೇಳಲು ಸಂಕೋಚ ಬೇಡ.

ಇನ್ನು ಮುಖ್ಯ ಮಾತು. ಮಕ್ತಲದವರು ರಾಯಚೂರಿಗೆ, ಗದ್ವಾಲದವರು ಕರ್ನೂಲಿಗೆ, ನಾರಾಯಣಪೇಟೆಯವರು ಮಹಬೂಬನಗರಕ್ಕೆ ಡಾಕ್ಟರರನ್ನು ಹುಡುಕಿಕೊಂಡು ಹೋಗುತ್ತೇವೆ. ಮುದುಕರು ಮನೆಯ ಭಾಷೆಯಲ್ಲಿ ಹೇಳುತ್ತಾರೆ, ಡಾಕ್ಟರರು ತೆಲುಗಿನಲ್ಲಿ ಕೇಳುತ್ತಾರೆ, ಚೀಟಿ ಇಂಗ್ಲಿಷಿನಲ್ಲಿ ಬರುತ್ತದೆ. ಅದರಲ್ಲಿ ‘ಬೆಳಿಗ್ಗೆ ಒಂದು, ರಾತ್ರಿ ಊಟಕ್ಕೆ ಒಂದು’ ಎಂದಿರುತ್ತದೆ. ನಮ್ಮ ಹಿರಿಯರಿಗೆ ರಾತ್ರಿ ಊಟವೇ ಇಲ್ಲವೆಂದು ಅವರಿಗೆ ಹೇಳಿದವರು ಯಾರು? ಡಿಸೆಂಬರಿನಲ್ಲಿ ಲೆಕ್ಕ ಹಾಕಿ ನೋಡಿ. ಚೌವಿಹಾರದವರು ಸಂಜೆ ಐದೂವರೆಗೆ ಊಟ ಮುಗಿಸುತ್ತಾರೆ. ನವಕಾರಸಿ ಇದ್ದರೆ ಸೂರ್ಯೋದಯದ 48 ನಿಮಿಷದ ನಂತರವೇ ಬಾಯಿಗೆ ನೀರು. ಅಲ್ಲಿಗೆ ಸುಮಾರು 14 ಗಂಟೆ ಹೊಟ್ಟೆ ಖಾಲಿ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಎಂಬ ಮಾತ್ರೆಗಳು ಹೊಟ್ಟೆ ತುಂಬಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಹೊರಡಿಸಿಯೇ ತೀರುತ್ತವೆ. ಸಂಜೆ ನುಂಗಿದ್ದು ನಸುಕಿನ ಮೂರು ಗಂಟೆಗೆ ಸಕ್ಕರೆಯನ್ನು ಪಾತಾಳಕ್ಕೆ ಇಳಿಸಬಹುದು. ಹರೆಯದವರಿಗೆ ಬೆವರು, ನಡುಕ ಬಂದು ಎಚ್ಚರವಾಗುತ್ತದೆ. ಮುದುಕರು ಮಾತು ತಪ್ಪುತ್ತಾರೆ, ಎದ್ದು ನಡೆಯಲು ಹೋಗಿ ಬೀಳುತ್ತಾರೆ. ಪರಿಚಯದ ಒಂದು ಮನೆಯಲ್ಲಿ ಅಜ್ಜ ನಸುಕಿನಲ್ಲಿ ಎದ್ದು, ಎಂದೋ ಮುಚ್ಚಿದ ಅಂಗಡಿಯ ಕೀಲಿ ಕೇಳುತ್ತಿದ್ದರು. ಅರಳು-ಮರಳು ಎಂದು ಮನೆಯವರು ಸುಮ್ಮನಾಗಿದ್ದರು. ಒಂದು ನಸುಕು ಬೆರಳು ಚುಚ್ಚಿ ನೋಡಿದರೆ 52 ಇತ್ತು. 70ಕ್ಕಿಂತ ಕೆಳಗಿಳಿದರೇ ಅಪಾಯ. ಡಾಕ್ಟರರು ಮಾತ್ರೆ ಬದಲಾಯಿಸಿದರು, ಅಜ್ಜ ಕೀಲಿ ಕೇಳುವುದನ್ನು ಬಿಟ್ಟರು.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡರೆ ಇಂಥ ಕುಸಿತ ಅಪರೂಪ. ಆದರೆ ಒಂದೇ ಗುಳಿಗೆಯಲ್ಲಿ ಎರಡೂ ಔಷಧಿ ಬೆರೆಸಿರುವುದು ಸಾಮಾನ್ಯ, ಪಟ್ಟಿಯ ಹಿಂಬದಿ ಓದಿ. ‘ಫ್ಲೋಜಿನ್’ ಎಂದು ಹೆಸರು ಮುಗಿಯುವ ಮಾತ್ರೆ ಮೂತ್ರದಲ್ಲಿ ಸಕ್ಕರೆಯ ಜೊತೆ ನೀರನ್ನೂ ಹೊರಹಾಕುತ್ತದೆ. ನೀರೂ ಇಲ್ಲದ ಉಪವಾಸದಲ್ಲಿ ಅದು ದೇಹವನ್ನು ಒಣಗಿಸಿ, ರಕ್ತದಲ್ಲಿ ಆಮ್ಲ ಏರಿಸೀತು. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಪರ್ಯುಷಣಕ್ಕೆ ಹದಿನೈದು ದಿನ ಮೊದಲೇ ಹೋಗಿ, ಇಷ್ಟು ಹೊತ್ತಿಗೆ ಊಟ, ಇಂಥ ದಿನ ಉಪವಾಸ ಎಂದು ಕಾಗದದಲ್ಲಿ ಬರೆದು ಡಾಕ್ಟರರ ಕೈಗೆ ಕೊಡಿ. ಮೂರು ತಿಂಗಳ ಸರಾಸರಿ 7ಕ್ಕೆ ಇಳಿಯಲೇಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ಒಂದು ಮಾತು: ಅದು ನಮ್ಮ ವಯಸ್ಸಿನವರ ಲೆಕ್ಕ. ಎಂಬತ್ತು ದಾಟಿ ಕೃಶರಾದವರಿಗೆ 8ರ ಆಸುಪಾಸು ಇದ್ದರೂ ಡಾಕ್ಟರರು ಒಪ್ಪುತ್ತಾರೆ.

ರಾತ್ರಿ ಸಕ್ಕರೆ ಇಳಿದರೆ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿಯೇ ತಾಯಿಯವರು ‘ವ್ರತ ಮುರಿಯುತ್ತದೆ’ ಎಂದು ಬಾಯಿ ಬಿಗಿಹಿಡಿಯುತ್ತಾರೆ. ಪಚ್ಚಕ್ಖಾಣದಲ್ಲಿ ಆಗಾರಗಳಿವೆ ಎಂಬುದು ನಿತ್ಯ ಹೇಳುವವರಿಗೂ ನೆನಪಿರುವುದಿಲ್ಲ. ಅವುಗಳಲ್ಲಿ ಸರ್ವಸಮಾಧಿಯ ಆಗಾರವೊಂದು. ತೀವ್ರ ವ್ಯಾಧಿಯಿಂದ ಸಮಾಧಾನ ಕದಡಿದಾಗ ಔಷಧಿ ತೆಗೆದುಕೊಂಡರೆ ವ್ರತಭಂಗವಲ್ಲ ಎಂಬುದು ಅದರ ಅರ್ಥ. ಇದನ್ನು ಮಗ ಹೇಳಿದರೆ ಹಿರಿಯರು ನಂಬುವುದಿಲ್ಲ. ಚಾತುರ್ಮಾಸಕ್ಕೆ ಬಂದ ಮಹಾರಾಜರ ಬಾಯಿಂದಲೇ, ಹಗಲು ಹೊತ್ತಿನಲ್ಲಿ, ಆರೋಗ್ಯವಾಗಿರುವಾಗಲೇ ಹೇಳಿಸಿಬಿಡಬೇಕು. ನಮ್ಮ ಮನೆಯಲ್ಲಿ ಹಾಗೆ ಆದ ಮೇಲೆಯೇ ತಲೆದಿಂಬಿನ ಬಳಿ ಸಕ್ಕರೆ ಡಬ್ಬಿ ಇಡಲು ಒಪ್ಪಿಗೆ ಸಿಕ್ಕಿತು.

ಊಟದ ವಿಷಯ ಸೊಸೆಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಆಲೂಗಡ್ಡೆ ಹೇಗೂ ನಮಗಿಲ್ಲ. ತೊಂದರೆಯಾಗುವುದು ಹಸಿರು ಬಿಡುವ ಅಷ್ಟಮಿ, ಚತುರ್ದಶಿಯಂದು. ಪಲ್ಯದ ಜಾಗಕ್ಕೆ ಅನ್ನ, ಹಪ್ಪಳ ಬಂದು ಕೂರುತ್ತವೆ. ಆ ದಿನ ಹೆಸರುಬೇಳೆ, ಕಡಲೆಹಿಟ್ಟಿನದು ಹೆಚ್ಚು ಮಾಡಿ, ಅನ್ನ ಕಡಿಮೆ ಮಾಡಿದರಾಯಿತು. ಸಿಹಿ ಪೂರ್ತಿ ಕಿತ್ತುಕೊಂಡರೆ ಮುದುಕರ ಮುಖ ನೋಡಲಾಗುವುದಿಲ್ಲ. ನಮ್ಮಲ್ಲಿ ಹಬ್ಬಕ್ಕೆ ಅರ್ಧ ಹೋಳಿಗೆ, ತುಪ್ಪ ಸಹಿತ, ಡಾಕ್ಟರರಿಗೆ ಹೇಳಿಯೇ ಕೊಡುತ್ತೇವೆ.