ಬಣ್ಣ ಹೋದರೆ ನೀರು ಶುದ್ಧವೇ?

ಬಟ್ಟೆ ಕಾರ್ಖಾನೆಗಳ ಬಣ್ಣದ ನೀರಿಗೆ ಜೇಡಿಮಣ್ಣೇ ಅಗ್ಗದ ಮದ್ದು ಎನ್ನುವ ಕಳೆದ ಸಂಚಿಕೆಯ ಲೇಖನ ಅರ್ಧ ಸತ್ಯವನ್ನಷ್ಟೇ ಹೇಳಿದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪದರಗಳಿಗೆ ಋಣ ಆವೇಶವಿದೆ. ಹಾಗಾಗಿ ಧನ ಆವೇಶದ ಮಿಥಿಲೀನ್ ಬ್ಲೂ ಬಣ್ಣ ಅದಕ್ಕೆ ಸಲೀಸಾಗಿ ಅಂಟುತ್ತದೆ. ಜೇಡಿಮಣ್ಣನ್ನು ಪರೀಕ್ಷಿಸುವ ಪ್ರಯೋಗಾಲಯಗಳಿಗೆ ಆ ಬಣ್ಣದ ಮೇಲೆ ಅಷ್ಟು ಪ್ರೀತಿ ಯಾಕೆಂದು ತಿಳಿಯಿತಲ್ಲ! ಆದರೆ ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳದ್ದೂ ಋಣ ಆವೇಶವೇ. ಸಂಸ್ಕರಿಸದ ಮಣ್ಣು ಅವನ್ನು ಹತ್ತಿರ ಸೇರಿಸುವುದು ಕಡಿಮೆ.

ಜವಳಿ ಊರಾದ ತಿರುಪ್ಪೂರಿನ ನೊಯ್ಯಲ್ ನದಿಯನ್ನು ಕೆಡಿಸಿದ್ದು ಬಣ್ಣವೊಂದೇ ಅಲ್ಲ, ಬಣ್ಣ ಹಿಡಿಸಲು ಬಳಸಿದ ಉಪ್ಪು ಕೂಡ. ಅದನ್ನು ಯಾವ ಜೇಡಿಮಣ್ಣು ಹೀರೀತು? 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳನ್ನೇ ಮುಚ್ಚಿಸಬೇಕಾಯಿತು. ಇನ್ನು ಬಣ್ಣ ಹೀರಿದ ಕೆಸರನ್ನು ಎಲ್ಲಿ ಸುರಿಯುವುದು? ಲೇಖಕರು ದಯವಿಟ್ಟು ಆ ಖರ್ಚನ್ನೂ ಸೇರಿಸಿ ‘ಅಗ್ಗ’ದ ಲೆಕ್ಕ ಕೊಡಲಿ.