ಗಣಕಯಂತ್ರದ ಮೂಲೆ: ಡಿಸ್ಕು ಎರಡು, ಕಿರ್ದಿ ಒಂದು



ಮಂಗಳವೇಢೆಯಲ್ಲಿ ಧಾನ್ಯದ ಅಡತಿ ನಡೆಸುವ ಬಂಧುಗಳೊಬ್ಬರ ಪ್ರಶ್ನೆಯನ್ನು ಈ ಸಲ ಎತ್ತಿಕೊಂಡಿದ್ದೇವೆ. ಅಂಗಡಿಯ ಕಂಪ್ಯೂಟರ್ ಹಳೆಯದು, ವಿಂಡೋಸ್ 7ರದ್ದು. ಸಿ ಡ್ರೈವಿನ ಪಟ್ಟಿ ಕೆಂಪಗಾಗಿದೆ. ಜಾಗ ಸಾಲದೆಂದು ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಸಿದ್ದಾರೆ. ಆದರೂ ‘ಜಾಗವಿಲ್ಲ’ ಎಂಬ ಸೂಚನೆ ತಪ್ಪಿಲ್ಲ. ಯಂತ್ರವನ್ನೇ ಬದಲಿಸಬೇಕೋ, ಇರುವುದರಲ್ಲೇ ಸರಿಪಡಿಸಬಹುದೋ ಎಂದು ಕೇಳಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆಗಳ ಪೇಠೆಯಲ್ಲಿಯೂ ಇಂಥ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಬಿಲ್ಲು ಬರೆಯಲು, ಲೆಕ್ಕ ಇಡಲು ಅವು ಸಾಕು. ಆದ್ದರಿಂದ ಉತ್ತರ ಹಲವರಿಗೆ ಉಪಯೋಗವಾದೀತು.

ಸಂಗ್ರಹದ ವಿದ್ಯೆಯನ್ನು ಮಂಗಳವೇಢೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬರಗಾಲದಲ್ಲಿ ಬಾದಶಹನ ಕಣಜ ತೆರೆದು ಹಸಿದವರಿಗೆ ಹಂಚಿದರೆಂದು ಜನ ನೆನೆಯುವ ದಾಮಾಜಿಪಂತರ ಊರು ಅದು. ಅಲ್ಲಿಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತೂ ದೊರೆತಿದೆ. ಈ ಸೀಮೆಯ ಹಿರಿಯರು ದಿನದ ಮಾರಾಟದ ಚೀಲವನ್ನು ಅಂಗಡಿಯ ಮುಂದೆ ಇಡುತ್ತಿದ್ದರು, ದಾಸ್ತಾನನ್ನು ಹಗೇವಿನಲ್ಲಿ ತುಂಬುತ್ತಿದ್ದರು, ಬೀಜದ ಕಾಳನ್ನು ಮಾತ್ರ ಬೇರೆ ಕಡೆ ಕಟ್ಟಿಡುತ್ತಿದ್ದರು. ಎರಡು ಡಿಸ್ಕಿನ ವ್ಯವಹಾರವೂ ಇಷ್ಟೇ. ಮೂರನೆಯ ಮಾತನ್ನು, ಅಂದರೆ ಬೀಜದ ಕಾಳನ್ನು, ನಮ್ಮವರು ಮರೆಯುವುದೇ ಹೆಚ್ಚು.

ಮೊದಲು ನಿಮ್ಮ ಪೆಟ್ಟಿಗೆಯಲ್ಲಿ ನಿಜವಾಗಿ ಎರಡು ಡಿಸ್ಕು ಇವೆಯೇ ಎಂದು ನೋಡಿಕೊಳ್ಳಿರಿ. ಜೋಡಿಸಿ ಕೊಡುವ ಕಂಪ್ಯೂಟರ್‌ಗಳಲ್ಲಿ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ ಕೊಡುವ ಪದ್ಧತಿ ಬಹಳ. ಒಂದೇ ಕೋಣೆಗೆ ನಡುವೆ ಅಡ್ಡಗೋಡೆ ಕಟ್ಟಿದ ಹಾಗೆ. ಡಿ ಡ್ರೈವಿನಲ್ಲಿ ಲೆಕ್ಕದ ನಕಲು ಇದೆಯೆಂದು ನಿಶ್ಚಿಂತರಾಗಿ ಕುಳಿತವರಿಗೆ, ಡಿಸ್ಕು ಕೆಟ್ಟ ದಿನ ಸಿ ಮತ್ತು ಡಿ ಕೂಡಿಯೇ ಹೋದಾಗ ಗುಟ್ಟು ತಿಳಿಯುತ್ತದೆ. ಪರೀಕ್ಷೆ ಸುಲಭ. ‘ಕಂಪ್ಯೂಟರ್’ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಮ್ಯಾನೇಜ್’ ಆರಿಸಿ, ಅಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗೆ ಡಿಸ್ಕ್ 0, ಡಿಸ್ಕ್ 1 ಎಂದು ಎರಡು ಸಾಲು ಕಂಡರೆ ಎರಡು ಡಿಸ್ಕು. ಸಿ, ಡಿ ಎರಡೂ ಒಂದೇ ಸಾಲಿನಲ್ಲಿದ್ದರೆ ಅವು ಒಂದೇ ಡಿಸ್ಕಿನ ಎರಡು ಭಾಗ.

ಇಲ್ಲಿಯೇ ಇನ್ನೊಂದು ಸಂಶಯ ಬರುತ್ತದೆ. 500 ಜಿಬಿ ಎಂದು ದುಡ್ಡು ಕೊಟ್ಟು ತಂದ ಡಿಸ್ಕು ಪರದೆಯ ಮೇಲೆ 465 ಎಂದು ತೋರುತ್ತದೆ, 160ರದ್ದು 149 ಎಂದು. ಅಂಗಡಿಯವನು ತೂಕದಲ್ಲಿ ಹೊಡೆದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮಾಲು ಅಷ್ಟೇ, ಮಾಪು ಬೇರೆ.

ಇನ್ನು ಮೂಲ ಪ್ರಶ್ನೆ. ಹೊಸ ಡಿಸ್ಕು ಬಂದರೂ ಸಿ ತುಂಬುವುದೇಕೆ? ಹಗೇವು ತೋಡಿಸಿದ ಮಾತ್ರಕ್ಕೆ ಚೀಲಗಳು ತಾವಾಗಿಯೇ ನಡೆದು ಹೋಗುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು, ‘ಡೌನ್‌ಲೋಡ್ಸ್’, ‘ಡಾಕ್ಯುಮೆಂಟ್ಸ್’, ‘ಪಿಕ್ಚರ್ಸ್’ ಎಲ್ಲವೂ ನಾವು ಬದಲಾಯಿಸದಿದ್ದರೆ ಸಿ ಯಲ್ಲಿಯೇ ಬಂದು ಬೀಳುತ್ತವೆ. ಈ ಒಂದೊಂದು ಫೋಲ್ಡರಿನ ‘ಪ್ರಾಪರ್ಟೀಸ್’ನಲ್ಲಿ ‘ಲೊಕೇಶನ್’ ಎಂಬ ಪುಟವಿದೆ. ಎರಡನೆಯ ಡಿಸ್ಕಿನಲ್ಲಿ ಅದಕ್ಕೆಂದು ಫೋಲ್ಡರ್ ಮಾಡಿ ‘ಮೂವ್’ ಒತ್ತಿದರೆ ಇದ್ದದ್ದೂ ಹೋಗುತ್ತದೆ, ಮುಂದೆ ಬರುವುದೂ ಅಲ್ಲಿಗೇ ಸೇರುತ್ತದೆ. ‘ಡಿಸ್ಕ್ ಕ್ಲೀನಪ್’ ನಡೆಸಿ ತಾತ್ಕಾಲಿಕ ಕಡತಗಳನ್ನು ತೆಗೆಯಿರಿ, ಕಸದ ಬುಟ್ಟಿಯನ್ನೂ ಬರಿದು ಮಾಡಿರಿ. ಬುಟ್ಟಿಗೆ ಹಾಕಿದ್ದು ಹೋಯಿತೆಂದು ತಿಳಿಯಬೇಡಿರಿ. ಬುಟ್ಟಿ ಬರಿದಾಗುವವರೆಗೂ ಅದು ಜಾಗ ಹಿಡಿದೇ ಇರುತ್ತದೆ. ಸಿ ಯಲ್ಲಿ ಐದನೆಯ ಒಂದು ಪಾಲು ಖಾಲಿ ಇದ್ದರೆ ಯಂತ್ರ ಸರಾಗವಾಗಿ ನಡೆಯುತ್ತದೆ. ‘ಪ್ರೋಗ್ರಾಮ್ ಫೈಲ್ಸ್’ ಮತ್ತು ‘ವಿಂಡೋಸ್’ ಎಂಬ ಫೋಲ್ಡರುಗಳನ್ನು ಮಾತ್ರ ಎಳೆದು ಡಿ ಗೆ ಹಾಕುವ ಸಾಹಸ ಬೇಡ. ಜಾಗ ಉಳಿಯುವ ಮಾತಿರಲಿ, ಯಂತ್ರವೇ ಏಳುವುದಿಲ್ಲ.

ಜಾಗ ತಿನ್ನುವುದು ಯಾವುದು ಎಂದು ನೋಡಿದರೆ ನಗು ಬರುತ್ತದೆ. ಸಾಮಾನ್ಯ ಅಂಗಡಿಯೊಂದರ ಒಂದು ವರ್ಷದ ಟ್ಯಾಲಿ ಲೆಕ್ಕ ಮನೆಯ ಮದುವೆಯ ವಿಡಿಯೋಕ್ಕಿಂತ ಬಹಳ ಚಿಕ್ಕದು. ದಿನವೂ ಮುಂಜಾನೆ ವಾಟ್ಸಪ್ಪಿನಲ್ಲಿ ಬರುವ ಹೂವಿನ ಚಿತ್ರಗಳು ಕೂಡಿ ಕೂಡಿ ಅದನ್ನು ಮೀರಿಸುತ್ತವೆ. ಬೆಲೆಯುಳ್ಳದ್ದು ಮುಷ್ಟಿಯಷ್ಟು, ಗಾತ್ರದ್ದು ಗಾಡಿಯಷ್ಟು. ಆದ್ದರಿಂದ ವಿಡಿಯೋ, ಫೋಟೋ, ಹಳೆಯ ಸ್ಕ್ಯಾನುಗಳನ್ನು ಮೊದಲು ಎರಡನೆಯ ಡಿಸ್ಕಿಗೆ ಸಾಗಿಸಿರಿ. ಸಿ ಯ ಬಹುಪಾಲು ಭಾರ ಅಷ್ಟರಲ್ಲೇ ಇಳಿಯುತ್ತದೆ. ಸಾಗಿಸುವಾಗ ‘ಕಟ್’ ಮಾಡಬೇಡಿರಿ, ‘ಕಾಪಿ’ ಮಾಡಿರಿ. ಆ ಕಡೆ ತೆರೆದು ನೋಡಿದ ಮೇಲೆ ಈ ಕಡೆಯದನ್ನು ಅಳಿಸಿರಿ.

ಟ್ಯಾಲಿಯ ಲೆಕ್ಕವನ್ನು ಎರಡನೆಯ ಡಿಸ್ಕಿಗೆ ಒಯ್ಯುವುದಾದರೆ ಸ್ವಲ್ಪ ಸಾವಧಾನ ಬೇಕು. ವಿಂಡೋಸ್ ಕೆಟ್ಟು ಸಿ ಯನ್ನು ಅಳಿಸಿ ಹೊಸದಾಗಿ ಹಾಕಬೇಕಾಗಿ ಬಂದಾಗ ಲೆಕ್ಕ ಬೇರೆ ಡಿಸ್ಕಿನಲ್ಲಿದ್ದರೆ ಉಳಿಯುತ್ತದೆ, ಆದ್ದರಿಂದ ಒಯ್ಯುವುದು ಒಳ್ಳೆಯದೇ. ಮೊದಲು ಟ್ಯಾಲಿ ಮುಚ್ಚಿರಿ. ‘ಡೇಟಾ’ ಫೋಲ್ಡರನ್ನು ಹೊಸ ಜಾಗಕ್ಕೆ ಕಾಪಿ ಮಾಡಿರಿ. ಟ್ಯಾಲಿ ತೆರೆದು ಡೇಟಾ ಇರುವ ದಾರಿಯನ್ನು ಹೊಸ ಜಾಗಕ್ಕೆ ಬದಲಾಯಿಸಿರಿ. ಕೊನೆಯ ತಾರೀಖಿನ ರೋಖ ಶಿಲ್ಕು, ನಾಲ್ಕೈದು ಉದ್ರಿ ಖಾತೆಗಳ ಬಾಕಿ ತಾಳೆ ನೋಡಿರಿ. ಇದಾದ ಮೇಲೆ ಸಿ ಯಲ್ಲಿರುವ ಹಳೆಯ ಫೋಲ್ಡರಿನ ಹೆಸರನ್ನು ಕೂಡಲೇ ಬದಲಾಯಿಸಬೇಕು. ಇಲ್ಲವಾದರೆ ಮುನೀಮರು ಹಳೆಯದರಲ್ಲಿ, ಮಗ ಹೊಸದರಲ್ಲಿ ನಮೂದು ಮಾಡುತ್ತ ಹೋಗಿ ತಿಂಗಳ ಕೊನೆಗೆ ಎರಡು ಕಿರ್ದಿಗಳಾಗುತ್ತವೆ. ಅವನ್ನು ಕೂಡಿಸುವ ಕೆಲಸ ಯಾವ ಶತ್ರುವಿಗೂ ಬೇಡ.

ಎರಡೂ ಡಿಸ್ಕುಗಳನ್ನು ಜೋಡಿಸಿ ಒಂದೇ ದೊಡ್ಡ ಡ್ರೈವಿನಂತೆ ತೋರುವ ಹಾಗೆ ಮಾಡಿಕೊಡುತ್ತೇವೆ ಎಂದು ಕೆಲವು ತಂತ್ರಜ್ಞರು ಹೇಳುವುದುಂಟು. ವಿಂಡೋಸಿನಲ್ಲಿ ಆ ಸೌಕರ್ಯ ಇದೆ ನಿಜ. ಅದರಲ್ಲಿ ಯಾವುದೇ ಒಂದು ಡಿಸ್ಕು ಕೆಟ್ಟರೂ ಇಡೀ ಜೋಡಿ ಡ್ರೈವು ಹೋಗುತ್ತದೆ. ಹಳೆಯ ಡಿಸ್ಕಿನ ಹಣೆಬರಹವನ್ನು ಹೊಸದಕ್ಕೂ ಅಂಟಿಸಿದಂತೆ. ನಮ್ಮ ಅಭಿಪ್ರಾಯದಲ್ಲಿ ವ್ಯಾಪಾರಿಗಳಿಗೆ ಅದು ಬೇಡವೇ ಬೇಡ.

ಈಗ ಬೀಜದ ಕಾಳಿನ ಮಾತು. ಎರಡನೆಯ ಡಿಸ್ಕು ಜಾಗ ಕೊಡುತ್ತದೆ, ಭದ್ರತೆಯನ್ನು ಅರ್ಧವೇ ಕೊಡುತ್ತದೆ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಒಂದೇ ವಿದ್ಯುತ್ತಿನ ಮೇಲೆ ನಡೆಯುತ್ತವೆ. ಕರೆಂಟು ಹೋಗಿ ಬರುವಾಗಿನ ಹೊಡೆತ, ಸಿಡಿಲು, ಕಳವು, ಬೆಂಕಿ ಯಾವುದೂ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವುದಿಲ್ಲ. ವೈರಸ್ಸೂ ಹಾಗೆಯೇ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬುದು ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ತಗಲಿತು. ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7ರವು. ಅಂಥ ವೈರಸ್ಸಿಗೆ ಆ ಹೊತ್ತಿನಲ್ಲಿ ಜೋಡಿಸಿರುವ ಎಲ್ಲ ಡಿಸ್ಕುಗಳೂ ಒಂದೇ. ವಿಂಡೋಸ್ 7ಕ್ಕೆ ತಯಾರಕರ ರಕ್ಷಣೆ 2020ರ ಜನವರಿಗೆ, ವಿಂಡೋಸ್ 10ಕ್ಕೆ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರಿಗೆ ಮುಗಿದಿದೆ ಎಂಬುದನ್ನೂ ನೆನಪಿಡಿರಿ. ಇಂಟರ್‌ನೆಟ್ಟಿನ ಕೆಲಸವನ್ನು ಬೇರೆ ಯಂತ್ರದಲ್ಲಿ ಮಾಡುವುದು ಮೇಲು.

ಉದ್ರಿಯ ಲೆಕ್ಕ ಹೋದರೆ ರೈತನ ಎದುರು ನಮ್ಮ ಮಾತಿಗೆ ಆಧಾರ ಉಳಿಯುವುದಿಲ್ಲ, ನಮಗೆ ಬರಬೇಕಾದದ್ದಕ್ಕೂ, ನಾವು ಅವನಿಗೆ ಕೊಡಬೇಕಾದದ್ದಕ್ಕೂ. ಸರಕಾರದ ಕಡೆಯಿಂದ ನೋಡಿದರೂ ಜಿಎಸ್‌ಟಿ ಕಾಯದೆಯ ಪ್ರಕಾರ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು. ತಕರಾರು ನಡೆದಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಲೆಕ್ಕದ ನಕಲು ಪೆಟ್ಟಿಗೆಯ ಹೊರಗೆ ಒಂದು, ಊರ ಹೊರಗೆ ಒಂದು ಇರಲಿ. ಎರಡು ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕು ಸಾಕು. ಒಂದನ್ನು ವಾರಕ್ಕೊಮ್ಮೆ ತುಂಬಿ ಬಿಚ್ಚಿ ಮನೆಯ ತಿಜೋರಿಯಲ್ಲಿಡಿರಿ. ಇನ್ನೊಂದು ಅಕ್ಕಲಕೋಟೆಯಲ್ಲೋ ಸೊಲ್ಲಾಪುರದಲ್ಲೋ ಇರುವ ಅಣ್ಣತಮ್ಮಂದಿರ ಮನೆಯಲ್ಲಿರಲಿ, ಹೋಗಿ ಬರುವಾಗ ಬದಲಾಯಿಸಿಕೊಳ್ಳಿರಿ. ಆರು ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿರಿ. ಚಾಲ್ತಿ ಲೆಕ್ಕದ ಮೇಲೆಯೇ ಹಳೆಯ ನಕಲನ್ನು ತಂದು ಹಾಕಿದರೆ ಹೊಸ ನಮೂದುಗಳು ಅಳಿಸಿ ಹೋಗುತ್ತವೆ.

ಒಂದೇ ಕಡೆ ಒಂದೇ ಪ್ರತಿ ಇದ್ದರೆ ಏನಾಗಬಹುದೆಂಬ ಚಿಂತೆ ಸೊಲ್ಲಾಪುರದವರಿಗೆ ಹೊಸದಲ್ಲ. ಧವಲಾ, ಜಯಧವಲಾ ಗ್ರಂಥಗಳ ಪ್ರಾಚೀನ ಓಲೆಗಳು ಮೂಡಬಿದಿರೆಯಲ್ಲಿ ಮಾತ್ರ ಉಳಿದಿದ್ದ ಕಾಲದಲ್ಲಿ, 19ನೆಯ ಶತಮಾನದ ಕೊನೆಗೆ, ಅವುಗಳ ಪ್ರತಿ ಮಾಡಿಸಲು ಮುಂದಾದವರಲ್ಲಿ ಸೊಲ್ಲಾಪುರದ ಶೇಠ ಹಿರಾಚಂದ ನೇಮಚಂದರು ಒಬ್ಬರು. ಪ್ರತಿಗಳು ಹೊರಗೆ ಬಂದುದರಿಂದಲೇ 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗಲು ಸಾಧ್ಯವಾಯಿತು. ಅವರೂ ವ್ಯಾಪಾರಿಗಳೇ.

ಯಾವ ಡಿಸ್ಕಿನಲ್ಲಿ ಏನಿಡಬೇಕೆಂಬುದನ್ನು ವಯಸ್ಸು ನೋಡಿ ನಿಶ್ಚಯಿಸಿರಿ. ಹತ್ತು ವರ್ಷ ತಿರುಗಿದ ಡಿಸ್ಕಿನಲ್ಲಿ ಇನ್ನೊಂದು ಕಡೆಯೂ ಇರುವ ವಸ್ತುವನ್ನು ಮಾತ್ರ ಇಡಬೇಕು. ಟಿಕ್ ಟಿಕ್ ಸದ್ದು ಬರತೊಡಗಿದರೆ ನಕಲು ತೆಗೆಯುವುದು ಅದೇ ದಿನದ ಕೆಲಸ. ಸೊಲ್ಲಾಪುರ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಎರಡು ಡಿಸ್ಕುಗಳನ್ನು ಒಂದರ ಮೇಲೊಂದು ಒತ್ತಿ ಕೂಡಿಸದೆ ನಡುವೆ ಒಂದು ಖಾನೆ ಬಿಡಿಸಿರಿ, ಜೋಳದ ಧೂಳು ಕುಳಿತ ಪಂಖವನ್ನು ಆಗಾಗ ಒರೆಸಿಸಿರಿ. ಖರ್ಚು ಮಾಡುವ ಮನಸ್ಸಿದ್ದರೆ ಸಿ ಗಾಗಿ ಚಿಕ್ಕ ಎಸ್‌ಎಸ್‌ಡಿ ಹಾಕಿಸಿ ಹಳೆಯದನ್ನು ಎರಡನೆಯದಾಗಿ ಇಟ್ಟುಕೊಳ್ಳಬಹುದು. ಸಾಟಾ ಜೋಡಣೆಯಿರುವ ಹಳೆಯ ಯಂತ್ರಗಳಲ್ಲಿಯೂ ಅದು ಕೂಡುತ್ತದೆ, ವೇಗದ ಅಂತರ ಮೊದಲ ದಿನವೇ ತಿಳಿಯುತ್ತದೆ.

ಕೊನೆಯದಾಗಿ ನಮ್ಮ ಗಡಿಭಾಗದವರಿಗೇ ಬರುವ ಒಂದು ತೊಡಕು. ಲಗ್ನಪತ್ರಿಕೆ, ಸಭೆಯ ಸೂಚನೆಗಳನ್ನು ಕನ್ನಡದಲ್ಲಿ ನುಡಿ ಅಥವಾ ಬರಹದಲ್ಲಿ, ಮರಾಠಿಯಲ್ಲಿ ಶ್ರೀಲಿಪಿಯಲ್ಲಿ ಬರೆದವರು ಬಹಳ. ಯೂನಿಕೋಡ್ ಅಲ್ಲದ ಆ ಹಳೆಯ ಕಡತಗಳನ್ನು ಎರಡನೆಯ ಡಿಸ್ಕಿಗೆ ಸಾಗಿಸುತ್ತೇವೆ, ಆದರೆ ಅವುಗಳ ಅಕ್ಷರ ವಿನ್ಯಾಸಗಳು ಸಿ ಯಲ್ಲಿ ‘ವಿಂಡೋಸ್’ ಒಳಗಿನ ‘ಫಾಂಟ್ಸ್’ ಫೋಲ್ಡರಿನಲ್ಲಿ ಇರುತ್ತವೆ. ಸಿ ಹೊಸದಾದ ದಿನ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಆ ಫಾಂಟುಗಳನ್ನೂ ಎರಡನೆಯ ಡಿಸ್ಕಿನಲ್ಲಿ, ಕಡತಗಳ ಪಕ್ಕದಲ್ಲಿಯೇ, ಕಾಪಿ ಮಾಡಿಟ್ಟುಕೊಳ್ಳಿರಿ.